ಚೀಸ್ ವಿಮಾನ ಹತ್ತುವ ಮೊದಲೇ ಸರ್ಟಿಫಿಕೇಟ್ ಓದಿ: ನನ್ನ ಅನುಭವ

ಚೀಸ್ ಆಮದು ಫುಲ್ ಕಂಟೇನರ್ ತರಿಸುವವರಿಗೆ ಮಾತ್ರ ಅಂತ ನಮ್ಮ ಲೈನಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಸಣ್ಣ ಲಾಟ್ ಕೂಡ ತರಿಸಬಹುದು ಅಂದರೆ ನಮ್ಮ ಸಿಎಚ್‌ಎ (ಕಸ್ಟಮ್ಸ್ ಕೆಲಸ ಮಾಡಿಕೊಡುವ ಏಜೆಂಟ್) ಕೂಡ ನಂಬಲಿಲ್ಲ. ಈಗ ನಾನು ಸಲಕ್ಕೆ ಮುನ್ನೂರು, ನಾನ್ನೂರು ಕೆಜಿ ಡಚ್ ಗೌಡಾ ಚೀಸನ್ನು ನೇರ ಬೆಂಗಳೂರು ಏರ್‌ಪೋರ್ಟಿಗೇ ಇಳಿಸುತ್ತೇನೆ. ಪ್ರಾಣಿಮೂಲದ ಮಾಲು ತಪಾಸಣೆ ಮಾಡುವ ಕ್ವಾರಂಟೈನ್ ಸ್ಟೇಷನ್ನಿನಲ್ಲಿ ಅದು ನಿಲ್ಲುವುದೇ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಎಸ್‌ಐಪಿ, ಅಂದರೆ ಪ್ರಾಣಿಮೂಲದ ಮಾಲು ತರಿಸಲು ಸರ್ಕಾರ ಕೊಡುವ ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್, ತೆಗೆಯುವುದು ಈ ಲೈನಿನವರಿಗೆಲ್ಲ ಗೊತ್ತು. 2001ರಲ್ಲಿ ಜಾನುವಾರು ಆಮದು ಕಾಯ್ದೆ ತಿದ್ದುಪಡಿಯಾಗಿ ಹಾಲಿನ ಪದಾರ್ಥವೂ ಅದರೊಳಗೆ ಬಂತು. ಮಾಲು ಹೊರಡುವ ಮೊದಲೇ ಪರ್ಮಿಟ್ ಕೈಯಲ್ಲಿರಬೇಕು. ಅದು ಸಿಕ್ಕರೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ದುಡ್ಡು ಸುಡುವುದು ಅದರ ಮುಂದೆ, ಆ ದೇಶದ ಪಶುವೈದ್ಯರು ಕೊಡುವ ಸರ್ಟಿಫಿಕೇಟಿನಲ್ಲಿ.

ಮೊದಲ ಲಾಟ್ ಸುಮಾರು ಎರಡು ಕ್ವಿಂಟಲ್. ಹಾಲು ಹೆಪ್ಪುಗಟ್ಟಿಸಲು ಹಾಕುವುದು ರೆನೆಟ್; ಈ ಚೀಸಿಗೆ ಹಾಕಿದ್ದು ಮೈಕ್ರೋಬಿಯಲ್ ರೆನೆಟ್, ಅಂದರೆ ಸೂಕ್ಷ್ಮಜೀವಿಗಳಿಂದ ತೆಗೆದದ್ದು. ಆದರೆ ಕಳಿಸಿದವರು ತಮ್ಮ ಹಳೆಯ ನಮೂನೆಯಲ್ಲೇ ಸರ್ಟಿಫಿಕೇಟ್ ಮಾಡಿಸಿದ್ದರು. ಎಸ್‌ಐಪಿ ಷರತ್ತು ಕೇಳುವ, ರೆನೆಟ್ ಪ್ರಾಣಿಮೂಲದ್ದಲ್ಲ ಅನ್ನುವ ಸಾಲೇ ಇಲ್ಲ. ಹಾಲು ಕೊಟ್ಟ ದನಗಳಿಗೆ ಮೆಲುಕು ಹಾಕುವ ಪ್ರಾಣಿಗಳ ರಕ್ತ, ಒಳಾಂಗ ಸೇರಿದ ಮೇವು ಹಾಕಿಲ್ಲ ಅನ್ನುವುದೂ ಇಲ್ಲ. ಮಾಲು ಕೋಲ್ಡ್ ಸ್ಟೋರೇಜಿನಲ್ಲಿ ಕೂತಿತು. ಬಾಡಿಗೆ, ಮಾಲು ಬಿಡಿಸುವುದು ತಡವಾದದ್ದಕ್ಕೆ ಡೆಮರೇಜ್, ಕೊನೆಗೆ ವಾಪಸ್ ಕಳಿಸುವ ಖರ್ಚು, ಎಲ್ಲ ಸೇರಿ ಮೂರು ಲಕ್ಷದ ಹತ್ತಿರ ಹೋಯಿತು.

ಆಮೇಲೆ ಕ್ರಮ ಬದಲಿಸಿದೆ. ಡ್ರಾಫ್ಟ್ ಸರ್ಟಿಫಿಕೇಟ್ ಮೊದಲು ನನ್ನ ಮೇಲ್‌ಗೆ ಬರಬೇಕು. ಎಸ್‌ಐಪಿ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದುತ್ತೇನೆ. ಪದ ಹೊಂದದಿದ್ದರೆ ಬುಕಿಂಗ್ ಇಲ್ಲ. ರೆನೆಟ್ ಬಗ್ಗೆ ಡೈರಿಯ ಪತ್ರ ಸಾಲದು, ರೆನೆಟ್ ತಯಾರಿಸಿದ ಕಂಪನಿಯ ಪತ್ರವೇ ಬೇಕು. ಅವರು ಎರಡೇ ದಿನದಲ್ಲಿ ಕೊಡುವ ಹಾಗೆ ಕೇಳುವ ರೀತಿ ಒಂದಿದೆ, ಅದು ನನ್ನಲ್ಲೇ ಇರಲಿ. ಸಸ್ಯಾಹಾರಿ ಅನ್ನುವ ಹಸಿರು ಚುಕ್ಕಿಯ ಸ್ಟಿಕ್ಕರ್ ಇಲ್ಲಿ ಬಾಂಡೆಡ್ ಗೋದಾಮಿನಲ್ಲೇ (ಕಸ್ಟಮ್ಸ್ ಹಿಡಿತದ ಗೋದಾಮು) ಅಂಟಿಸಬಹುದು. ಕಳಿಸುವವರ ಕಡೆ ಮಾಡಿಸುವುದಕ್ಕಿಂತ ಕೆಜಿಗೆ ಹತ್ತು ಹನ್ನೆರಡು ರೂಪಾಯಿ ಉಳಿಯುತ್ತದೆ.

ಹೋಟೆಲಿನವರು ಇಟಲಿಯ ಗಟ್ಟಿ ಚೀಸ್ ಪಾರ್ಮೆಜಾನೋ ಕೇಳುತ್ತಾರೆ. ಅಸಲಿ ಪಾರ್ಮೆಜಾನೋ ರೆಜಾನೋಗೆ ಕರುವಿನ ರೆನೆಟ್ಟೇ ಹಾಕಬೇಕು ಅಂತ ಅವರ ನಿಯಮವೇ ಇದೆ. ನಮ್ಮ ಎಸ್‌ಐಪಿ ಷರತ್ತಿಗೆ ಅದು ಹೊಂದುವುದಿಲ್ಲ. ಸುಮ್ನೆ ಕೊಟೇಶನ್ ತರಿಸಿಕೊಂಡು ಕೂರಬೇಡಿ. ಅದೇ ರುಚಿಗೆ ಎರಡು ವರ್ಷ ಹಣ್ಣಾದ ಗೌಡಾ ತರಿಸಿ ತುರಿದು ಕೊಟ್ಟು ನೋಡಿದೆ. ಪಾಸ್ತಾಗೆ ಚೆನ್ನಾಗಿ ಕೂತಿತು, ರಿಸೊಟ್ಟೊ (ಇಟಲಿಯ ಅನ್ನದ ತಿನಿಸು) ಮಾಡುವವರು ಮಾತ್ರ ಒಪ್ಪಲಿಲ್ಲ.

2025ರ ಜನವರಿಯಲ್ಲಿ ಇನ್ನೊಂದು ಏಟು. ಜರ್ಮನಿಯ ಬ್ರಾಂಡೆನ್‌ಬುರ್ಗಿನಲ್ಲಿ ಎಮ್ಮೆಗಳಿಗೆ ಕಾಲುಬಾಯಿ ಜ್ವರ ಬಂತು. ದೇಶ ರೋಗಮುಕ್ತ ಅಂತ ಬರೆಯಬೇಕಾದ ಕಾಗದಕ್ಕೆ ಅಲ್ಲಿನ ಪಶುವೈದ್ಯರು ಆಗ ಸಹಿ ಹಾಕುವಂತಿರಲಿಲ್ಲ. ಬವೇರಿಯಾದ ಒಂದು ಡೈರಿಗೆ ನಾನು ಕೊಟ್ಟಿದ್ದ ಅಡ್ವಾನ್ಸ್ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತು. ಡೈರಿ ಇದ್ದದ್ದು ದೇಶದ ಇನ್ನೊಂದು ತುದಿಯಲ್ಲಿ, ಆದರೂ ರೋಗಮುಕ್ತ ಅನ್ನುವ ಸ್ಟೇಟಸ್ ಹೋದದ್ದು ಇಡೀ ದೇಶದ್ದು. ಡಚ್ಚರ ಕಡೆ ಎಸ್‌ಐಪಿ ಆಗಲೇ ತೆಗೆದಿಟ್ಟಿದ್ದೆ, ಹೋಟೆಲುಗಳಿಗೆ ಸಪ್ಲೈ ನಿಲ್ಲಲಿಲ್ಲ. ಅವತ್ತಿನಿಂದ ಎರಡು ದೇಶದ ಪರ್ಮಿಟ್ ಯಾವಾಗಲೂ ಜೀವಂತ ಇಟ್ಟಿರುತ್ತೇನೆ.

ಈಗ ಮೇಕೆ ಹಾಲಿನ ತಾಜಾ ಚೀಸ್ ನೋಡುತ್ತಿದ್ದೇನೆ. ಇಲ್ಲಿಗೆ ಬಂದಾಗ ಆಯಸ್ಸಿನ 60% ಅಥವಾ ಮೂರು ತಿಂಗಳು, ಯಾವುದು ಕಡಿಮೆಯೋ ಅಷ್ಟು ಉಳಿದಿರಬೇಕು. ನಲವತ್ತೈದು ದಿನದ ಮಾಲಿಗೆ ಕ್ಲಿಯರೆನ್ಸಿಗೆ ಒಂದು ವಾರ ಹೋದರೂ ಲೆಕ್ಕ ಕೂರುತ್ತದೆ, ಸರ್ಟಿಫಿಕೇಟ್ ಮೊದಲ ಸಲವೇ ಸರಿ ಬಂದರೆ.