ಸೂಪರ್ ಮೆಟ್ರಾಯ್ಡ್, ಸಿಂಫನಿ ಆಫ್ ದಿ ನೈಟ್: ಎಲ್ಲಿ ಸಿಕ್ಕಿಬೀಳುತ್ತೇವೆ, ಯಾಕೆ

1994ರ ಸೂಪರ್ ಮೆಟ್ರಾಯ್ಡ್, 1997ರ ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದಿ ನೈಟ್. ಎರಡೂ ಪಕ್ಕದಿಂದ ನೋಡುತ್ತ ಆಡುವ ಆಟ. ಎರಡರಲ್ಲೂ ಒಂದೇ ದೊಡ್ಡ ನಕ್ಷೆ, ಮುಚ್ಚಿದ ಬಾಗಿಲು ಕಂಡರೆ ನೆನಪಿಟ್ಟುಕೊಂಡು ಹೊಳ್ಳಿ ಬರುವ ಕೆಲಸ. ಅದಕ್ಕೇ ಎರಡರ ಹೆಸರು ಕೂಡಿಸಿ ಮೆಟ್ರಾಯ್ಡ್‌ವೇನಿಯಾ ಅಂತ ಒಂದು ಜಾತಿಯನ್ನೇ ಮಾಡಿದ್ದಾರೆ. ಒಂದು ವಾರ ಅದು, ಒಂದು ವಾರ ಇದು ಅಂತ ಜೋಡಿಯಾಗಿ ಆಡಿದಾಗ ನನಗೆ ಎದ್ದು ಕಂಡದ್ದು ಹೋಲಿಕೆಯಲ್ಲ, ವ್ಯತ್ಯಾಸ. ಸೂಪರ್ ಮೆಟ್ರಾಯ್ಡ್ ನಡೆಯುವ ಜೆಬೆಸ್ ಗ್ರಹದಲ್ಲಿ ದಾರಿ ಕಟ್ಟಾದರೆ ಬೆರಳಿಗೆ ಏನೋ ಒಂದು ಬಂದಿಲ್ಲ, ಇಲ್ಲವೇ ಕಣ್ಣಿಗೆ ಬಿದ್ದಿಲ್ಲ ಅಂತ ಅರ್ಥ. ಸಿಂಫನಿ ನಡೆಯುವ ಡ್ರಾಕುಲಾನ ಕೋಟೆಯಲ್ಲಿ ಕಟ್ಟಾದರೆ ಏನೋ ಒಂದನ್ನು ಕೊಂಡಿಲ್ಲ, ಇಲ್ಲವೇ ಇದ್ದದ್ದನ್ನು ಮೈಮೇಲೆ ಹಾಕಿಕೊಂಡಿಲ್ಲ. ಹುಡುಕಬೇಕಾದ ಜಾಗವೇ ಬೇರೆ.

ಮೊದಲು ಸಾಮಾನಿನ ಮಾತು. ಸಿಂಫನಿ 2020ರಿಂದ ಆಂಡ್ರಾಯ್ಡ್ ಫೋನಿಗೇ ಸಿಗುತ್ತದೆ, ಗೇಮ್‌ಪ್ಯಾಡ್ ಜೋಡಿಸಬಹುದು. ಪರದೆ ಮೇಲಿನ ಬಟನ್ನಿಂದ ಆಡಬೇಡಿ; ಕೆಳಗೆ ಒತ್ತಿ ಮುಂದೆ ಉರುಳಿಸುವ ಮಂತ್ರಗಳು ಹತ್ತರಲ್ಲಿ ಏಳು ಸಲ ತಪ್ಪುತ್ತವೆ. ಕಲಬುರಗಿಯ ಏಪ್ರಿಲ್-ಮೇ ಬಿಸಿಲಲ್ಲಿ ಫೋನು ಕಾದು ಆಟ ಎಳೆದಾಡತೊಡಗುತ್ತದೆ. ಕವರ್ ತೆಗೆದು, ಚಾರ್ಜಿಗೆ ಹಾಕದೆ, ಬೆಳಕು ಅರ್ಧಕ್ಕಿಳಿಸಿ, ಫ್ಯಾನಿನ ಕೆಳಗೆ ಇಟ್ಟುಕೊಂಡರೆ ತಾಸು-ಒಂದೂವರೆ ತಾಸು ಸರಾಗ. ಸೂಪರ್ ಮೆಟ್ರಾಯ್ಡ್ ನಿಂಟೆಂಡೊ ಸ್ವಿಚ್‌ನ ಆನ್‌ಲೈನ್ ಚಂದಾದಲ್ಲಿದೆ, ಅದರಲ್ಲಿ ಬೇಕಾದಲ್ಲಿ ನಿಲ್ಲಿಸಿ ಇಡಬಹುದು. ಹಳೆಯ ಕಾರ್ಟ್ರಿಜ್‌ನಲ್ಲಿ ಆ ಸವಲತ್ತಿಲ್ಲ: ಸೇವ್ ಕೋಣೆ ಮುಟ್ಟುವ ಮೊದಲು ಕರೆಂಟ್ ಹೋದರೆ ಅಲ್ಲಿಗೆ ಮುಗೀತು. ಟಿವಿಗೆ ಹಾಕುವವರು ಅದರ ಗೇಮ್ ಮೋಡ್ ಚಾಲೂ ಮಾಡಲೇಬೇಕು. ಇಲ್ಲದಿದ್ದರೆ ಬಟನ್ ಒತ್ತಿದ ಮೇಲೆ ಚಿತ್ರ ತಡವಾಗಿ ಬರುತ್ತದೆ, ಮುಂದೆ ಹೇಳುವ ಗೋಡೆ ಜಿಗಿತ ಜನ್ಮಕ್ಕೂ ಬರುವುದಿಲ್ಲ.

ಎರಡಕ್ಕೂ ಒಂದೊಂದು ಚೌಕುಳಿ ನೋಟ್‌ಬುಕ್ ಇಟ್ಟೆ, ಮಕ್ಕಳು ಗಣಿತಕ್ಕೆ ಬಳಸುತ್ತಾರಲ್ಲ, ಅದೇ. ಆಟದೊಳಗೇ ನಕ್ಷೆ ಇದೆ, ಖರೆ. ಆದರೆ ಆ ನಕ್ಷೆ ನೀವು ಹೋದ ಜಾಗ ತೋರಿಸುತ್ತದೆ, ಯಾಕೆ ಹೊಳ್ಳಿ ಬಂದಿರಿ ಅನ್ನುವುದನ್ನು ತೋರಿಸುವುದಿಲ್ಲ. ನಕ್ಷೆಯ ಒಂದು ಚೌಕಕ್ಕೆ ನೋಟ್‌ಬುಕ್ಕಿನ ಒಂದು ಚೌಕ, ಅದರಲ್ಲಿ ಒಂದೇ ಅಕ್ಷರ: ಎತ್ತರ ಸಾಲದಿದ್ದರೆ ‘ಎ’, ಬಾಗಿಲಿನ ಬಣ್ಣವಾದರೆ ‘ಬ’, ಗೋಡೆ ಸಂಶಯವಾದರೆ ‘ಗೋ’. ಹೊಸ ಶಕ್ತಿ ಸಿಕ್ಕ ಕೂಡಲೇ ಆ ಅಕ್ಷರದ ಚೌಕಗಳಿಗೆ ಮಾತ್ರ ಹೋಗುವುದು.

ಸೂಪರ್ ಮೆಟ್ರಾಯ್ಡ್‌ನ ಬಾಗಿಲು ಲೆಕ್ಕ ಸರಳ. ನೀಲಿಗೆ ಯಾವ ಗುಂಡಾದರೂ ಸಾಕು. ಕೆಂಪಿಗೆ ಐದು ಮಿಸೈಲ್, ಇಲ್ಲವೇ ಒಂದು ಸೂಪರ್ ಮಿಸೈಲ್. ಹಸಿರಿಗೆ ಸೂಪರ್ ಮಿಸೈಲೇ ಬೇಕು, ಹಳದಿಗೆ ಪವರ್ ಬಾಂಬ್. ಜನ ಸಿಕ್ಕಿಬೀಳುವುದು ಬಾಗಿಲಲ್ಲಿ ಅಲ್ಲ. ಗ್ರಹದ ಒಂದು ಭಾಗವಾದ ಬ್ರಿನ್‌ಸ್ಟಾರ್‌ನಲ್ಲಿ ಕಾಲಿಟ್ಟರೆ ಕುಸಿಯುವ ಹಾಸುಗಳ ಒಂದು ಸೇತುವೆ ಇದೆ. ಅಲ್ಲಿ ಏನೋ ಹೊಸ ಶಕ್ತಿ ಬೇಕೆಂದು ತಿಳಿದು ಇಡೀ ಗ್ರಹ ಸುತ್ತುತ್ತಾರೆ. ಬೇಕಾದದ್ದು ಓಡುವ ಬಟನ್ ಅಷ್ಟೇ, ಅದು ಆಟದ ಮೊದಲ ನಿಮಿಷದಿಂದ ಕೈಯಲ್ಲೇ ಇತ್ತು. ಮೂಲ ಜೋಡಣೆಯಲ್ಲಿ ಓಟ ಬಿ, ಜಿಗಿತ ಎ, ಗುಂಡು ಎಕ್ಸ್. ಒಂದೇ ಹೆಬ್ಬೆರಳಲ್ಲಿ ಓಟ ಹಿಡಿದು ಗುಂಡು ಹೊಡೆಯುವುದು ತ್ರಾಸು. ಆಯ್ಕೆಗಳಿಗೆ ಹೋಗಿ ಓಟವನ್ನು ವೈಗೆ, ಜಿಗಿತವನ್ನು ಬಿಗೆ ಹಾಕಿಕೊಂಡ ಮೇಲೆ ನನ್ನ ಕೈ ಹಗುರಾಯಿತು.

ಗೋಡೆ ಜಿಗಿತ ಹೀಗೆ. ನೆಟ್ಟಗೆ ಹಾರಿದರೆ ಆಗುವುದಿಲ್ಲ, ಗಿರಗಿರನೆ ತಿರುಗುವ ಜಿಗಿತವೇ ಬೇಕು. ಅಂದರೆ ಬದಿಗೆ ಚಲಿಸುತ್ತಲೇ ಜಿಗಿಯಬೇಕು. ಗೋಡೆ ತಾಗಿದ ಮೇಲೆ ಎದುರು ದಿಕ್ಕು ಒತ್ತಿ. ಆಟದ ನಾಯಕಿ ಸೇಮಸ್ ಕಾಲನ್ನು ಗೋಡೆಗೆ ಒತ್ತಿ ನಿಂತ ಭಂಗಿ ಒಂದು ಕ್ಷಣ ಕಾಣುತ್ತದೆ. ಆಗ ಜಿಗಿತದ ಬಟನ್ ಹೊಸದಾಗಿ ಒತ್ತಬೇಕು, ಮೊದಲಿಂದ ಹಿಡಿದುಕೊಂಡಿದ್ದರೆ ಲೆಕ್ಕಕ್ಕಿಲ್ಲ. ಎಲ್ಲರೂ ಮಾಡುವ ತಪ್ಪು ದಿಕ್ಕು ಮತ್ತು ಜಿಗಿತ ಒಟ್ಟಿಗೆ ಒತ್ತುವುದು. ಮೊದಲು ದಿಕ್ಕು, ಆಮೇಲೆ ಜಿಗಿತ. ‘ಟಕ್… ಟಕ್’ ಅಂತ ಬಾಯಲ್ಲಿ ಹೇಳಿಕೊಂಡು ಮಾಡಿದರೆ ಅರ್ಧ ತಾಸಿನಲ್ಲಿ ಕೂಡುತ್ತದೆ. ಇದನ್ನು ಕಲಿಸಲು ಆಟದಲ್ಲೇ ಎಟೆಕೂನ್ ಅನ್ನುವ ಮೂರು ಪುಟ್ಟ ಪ್ರಾಣಿಗಳಿವೆ. ಒಂದು ಅಕ್ಷರ ಮಾತಿಲ್ಲದೆ ನಿಮ್ಮೆದುರು ಜಿಗಿದು ತೋರಿಸುತ್ತವೆ. ಡಚೋರಾ ಅನ್ನುವ ಹಕ್ಕಿಯಂಥ ಪ್ರಾಣಿ ಇನ್ನೊಂದು ಪಾಠ ಹೇಳುತ್ತದೆ: ಸ್ಪೀಡ್ ಬೂಸ್ಟರ್ ಇದ್ದಾಗ ಮೈ ಮಿನುಗುವ ತನಕ ಓಡಿ, ಕೆಳಗೆ ಒತ್ತಿ ವೇಗ ಹಿಡಿದಿಟ್ಟು, ಮತ್ತೆ ಜಿಗಿದರೆ ರಾಕೆಟ್ಟಿನಂತೆ ಮೇಲೇರುವುದು. ಆ ಹಾರಾಟಕ್ಕೆ ಜೀವ ಖರ್ಚಾಗುತ್ತದೆ. 29ಕ್ಕೆ ಇಳಿದರೆ ನಡುದಾರಿಯಲ್ಲೇ ಬೀಳುತ್ತೀರಿ, ಹಾಗಾಗಿ ಜೀವ ತುಂಬಿಸಿಕೊಂಡೇ ಹಾರಿ.

ಈ ಪಾಠ ತಲೆಗೆ ಹತ್ತಿದರೆ ಆಟ ತನ್ನ ಕ್ರಮವನ್ನೇ ಸಡಿಲ ಬಿಡುತ್ತದೆ. ಕೆಂಪು ಬ್ರಿನ್‌ಸ್ಟಾರ್‌ನ ಎತ್ತರದ ಕೊಳವೆಯನ್ನು ಐಸ್ ಬೀಮಿನಿಂದ ವೈರಿಗಳನ್ನು ಹೆಪ್ಪುಗಟ್ಟಿಸಿ, ಅವುಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಬಹುದು. ಗೋಡೆ ಜಿಗಿತ ಬಂದವರಿಗೆ ಐಸ್ ಬೀಮ್ ಬೇಕಿಲ್ಲ. ನೀರು ತುಂಬಿದ ಭಾಗವಾದ ಮಾರಿಡಿಯಾದ ಗಾಜಿನ ಕೊಳವೆ ಮಾತ್ರ ಬೆರಳಿನ ಪ್ರಶ್ನೆಯಲ್ಲ, ಕಣ್ಣಿನದು: ಒಳಗೆ ನಿಂತು ಪವರ್ ಬಾಂಬ್ ಇಟ್ಟರೆ ಒಡೆಯುತ್ತದೆ. ಒಡೆದ ಕೂಡಲೇ ಒಳಗೆ ನುಗ್ಗಬೇಡಿ. ಹಾಳುಬಿದ್ದ ಹಡಗಿಗೆ ಹೋಗಿ ಗ್ರಾವಿಟಿ ಸೂಟ್ ತಂದ ಮೇಲೆ ಇಳಿಯಿರಿ, ಇಲ್ಲವಾದರೆ ನೀರಲ್ಲಿ ಕಾಲು ಕೆಸರಲ್ಲಿ ಹೂತಂತೆ ಇರುತ್ತದೆ. ನಾರ್ಫೇರ್‌ನ ಕಾದ ಕೋಣೆಗಳಿಗೂ ಇದೇ ಮಾತು, ಅಲ್ಲಿ ವೇರಿಯಾ ಸೂಟ್. ಅದು ದೈತ್ಯ ಕ್ರೇಯ್ಡ್‌ನನ್ನು ಸೋಲಿಸಿದ ಮೇಲೆ ಸಿಗುತ್ತದೆ.

ಇನ್ನು ಸಿಂಫನಿ. ಬೀದರ್ ಕೋಟೆ ನೋಡಿದವರಿಗೆ ಇದರ ಸ್ವಭಾವ ಲಗೂನ ತಿಳಿಯುತ್ತದೆ: ಬಾಗಿಲ ಹಿಂದೆ ಬಾಗಿಲು, ಮಹಲಿಗೊಂದು ಹೆಸರು, ಮಹಲಿಗೊಂದು ರೂಪ. (ಜೆಬೆಸ್ ಆದರೆ ನೌಬಾದಿನ ಸುರಂಗ ಬಾವಿ ಇದ್ದಂಗ. ಇಳಿಯುವ ಕೊಳವೆ, ಅಡ್ಡ ಸುರಂಗ, ಮತ್ತೆ ಕೊಳವೆ.) ಶುರುವಿನಲ್ಲಿ ನಾಯಕ ಅಲುಕಾರ್ಡ್‌ನ ಕೈಯಲ್ಲಿ ಒಳ್ಳೆಯ ಖಡ್ಗ, ಗುರಾಣಿ ಇರುತ್ತವೆ. ಸ್ವಲ್ಪ ದೂರದಲ್ಲೇ ಮೃತ್ಯು ಎದುರಾಗಿ ಎಲ್ಲ ಕಸಿದುಕೊಳ್ಳುತ್ತಾನೆ. ಅದು ನಿಮ್ಮ ತಪ್ಪಲ್ಲ, ತಪ್ಪಿಸಿಕೊಳ್ಳಲು ಒದ್ದಾಡಬೇಡಿ.

ಇಲ್ಲಿ ಮೊದಲ ಸಿಕ್ಕು ನೀಲಿ ಬಾಗಿಲು. ಅದರ ಕೀಲಿ ಯಾವ ದೈತ್ಯನ ಹತ್ತಿರವೂ ಇಲ್ಲ. ಗ್ರಂಥಾಲಯದ ಮುದುಕ 500ಕ್ಕೆ ಮಾರುತ್ತಾನೆ, ಜ್ಯುವೆಲ್ ಆಫ್ ಓಪನ್ ಅಂತ. ಹೊರಗೋಡೆಯ ಗೋಪುರದಿಂದ ಗ್ರಂಥಾಲಯಕ್ಕೆ ದಾರಿ. ದೀಪ ಒಡೆದು ಸಿಕ್ಕ ದುಡ್ಡನ್ನೆಲ್ಲ ಮದ್ದಿಗೆ ಸುರಿದವರು ಇಲ್ಲಿ ಕೈಖಾಲಿ ನಿಲ್ಲುತ್ತಾರೆ. 500 ಆಗುವ ತನಕ ಏನೂ ಕೊಳ್ಳಬೇಡಿ. ಮದ್ದು ಕೂಡ ಮೆನುವಿನಲ್ಲಿ ಒತ್ತಿದರೆ ಕುಡಿಯುವ ಹಾಗಿಲ್ಲ. ಕೈಗೆ ಖಡ್ಗದಂತೆ ತೊಡಿಸಿ, ಹೊರಬಂದು, ಆ ಕೈಯ ಬಟನ್ ಒತ್ತಬೇಕು. ಇದು ತಿಳಿಯದೆ ಚೀಲದ ತುಂಬ ಮದ್ದಿಟ್ಟುಕೊಂಡೇ ಸಾಯುವವರು ಬಹಳ.

ಎರಡನೇ ಸಿಕ್ಕು ದೊಡ್ಡದು. ಮೇಲಿನ ಸಿಂಹಾಸನದ ಕೋಣೆಯಲ್ಲಿ ಪಿಶಾಚಿ ಬೇಟೆಗಾರ ರಿಕ್ಟರ್‌ನನ್ನು ಹೊಡೆದರೆ ಆಟ ಮುಗಿದಂತೆ ಕಾಣುತ್ತದೆ, ಹೆಸರುಗಳ ಪಟ್ಟಿಯೂ ಬರುತ್ತದೆ. ಅದು ಅರ್ಧ ಆಟ. ಖರೆ ದಾರಿ ಇದು: ಕತ್ತಲ ಮುಳ್ಳುದಾರಿ ದಾಟಲು ಬಾವಲಿಯ ಪ್ರತಿಧ್ವನಿ ಶಕ್ತಿ, ಅದರಿಂದ ಕೆಟಕಾಂಬ್‌ನಲ್ಲಿ ಸ್ಪೈಕ್ ಬ್ರೇಕರ್ ಕವಚ, ಅದನ್ನು ತೊಟ್ಟು ಪ್ರಾರ್ಥನಾ ಮಂದಿರದ ಮುಳ್ಳು ಮುರಿದರೆ ಬೆಳ್ಳಿ ಉಂಗುರ. ಬಂಗಾರದ ಉಂಗುರ ನೆಲದಡಿಯ ಗುಹೆಗಳಲ್ಲಿದೆ. ಎರಡನ್ನೂ ಬೆರಳಿಗೆ ಹಾಕಿಕೊಂಡು ಮಾರ್ಬಲ್ ಗ್ಯಾಲರಿಯ ಗಡಿಯಾರದ ಕೋಣೆಯಲ್ಲಿ ನಿಂತರೆ ಕೆಳಗಿನ ದಾರಿ ತೆರೆದು, ರಿಕ್ಟರ್‌ನನ್ನು ಹುಡುಕುತ್ತಿರುವ ಹುಡುಗಿ ಮರಿಯಾ ಹೋಲಿ ಗ್ಲಾಸಸ್ ಕನ್ನಡಕ ಕೊಡುತ್ತಾಳೆ. ಅದನ್ನು ಹಾಕಿಕೊಂಡು ಹೋದರೆ ರಿಕ್ಟರ್‌ನ ತಲೆ ಮೇಲೆ ಹಸಿರು ಗೋಳ ಕಾಣುತ್ತದೆ. ಅವನನ್ನು ಬಿಟ್ಟು ಗೋಳಕ್ಕೇ ಹೊಡೆಯಬೇಕು. ನೋಡ್ರಿ, ಇಷ್ಟರಲ್ಲಿ ಎಷ್ಟು ಸಲ ‘ಹಾಕಿಕೊಂಡು’ ಅಂದೆ! ಉಂಗುರ ಚೀಲದಲ್ಲಿದ್ದರೆ ಬಾಗಿಲು ತೆರೆಯುವುದಿಲ್ಲ.

ಆಮೇಲೆ ಬರುವ ತಲೆಕೆಳಗಾದ ಕೋಟೆಯಿಂದಲೇ ಒಟ್ಟು ನಕ್ಷೆ 200.6 ಪ್ರತಿಶತ ಆಗುವುದು. ನನಗೆ ಆ ಭಾಗ ಅಷ್ಟಾಗಿ ಹಿಡಿಸಲಿಲ್ಲ. ಕಾಲಿಗಾಗಿ ಕಟ್ಟಿದ ಮೆಟ್ಟಿಲು ಸೂರಿಗೆ ಹೋದ ಮೇಲೆ ನಡೆಯುವ ಸುಖ ಇಲ್ಲ, ಬಾವಲಿಯಾಗಿ ಹಾರಿಬಿಡುವುದೇ. ಜೆಬೆಸ್‌ನಲ್ಲಿ ಇಂಥ ಪುಕ್ಕಟೆ ಉದ್ದ ಇಲ್ಲ, ಎಣಿಸಿದರೆ ಸರಿಯಾಗಿ 100 ವಸ್ತು. ಆದರೆ ಶಕ್ತಿಯ ಮೋಜು ಕೋಟೆಯದ್ದೇ. ತಲೆಕೆಳಗಾದ ಗ್ರಂಥಾಲಯದಲ್ಲಿ ಷ್ಮೂ ಅನ್ನುವ ಹಾರುವ ಪಿಶಾಚಿ ಅಪರೂಪಕ್ಕೆ ಕ್ರಿಸ್ಸೇಗ್ರಿಮ್ ಖಡ್ಗ ಬೀಳಿಸುತ್ತದೆ. ನಡೆಯುತ್ತಲೇ ಬೀಸಬಹುದಾದ ಖಡ್ಗ ಅದು, ಕೈಗೆ ಬಂದರೆ ಉಳಿದ ದೈತ್ಯರೆಲ್ಲ ಹಪ್ಪಳ. ರಿಂಗ್ ಆಫ್ ಅರ್ಕಾನಾ ಹಾಕಿಕೊಂಡರೆ ಬೀಳುವ ಸಂಭವ ಹೆಚ್ಚು.

ದೈತ್ಯರ ವಿಷಯದಲ್ಲೂ ಅದೇ ವ್ಯತ್ಯಾಸ. ತಲೆಕೆಳಗಾದ ಕೋಟೆಯ ಗಲಮೋತ್‌ನ ಸಿಡಿಲು ತಾಳಲಾಗದಿದ್ದರೆ ಬೆರಿಲ್ ಸರ್ಕ್ಲೆಟ್ ತಲೆಗಿಟ್ಟುಕೊಳ್ಳಿ, ಆ ಸಿಡಿಲೇ ಜೀವ ತುಂಬುತ್ತದೆ. ಡ್ರೇಗನ್ ಅನ್ನುವ ಮಾರಿಡಿಯಾದ ರಾಣಿಗೆ ಇಂಥ ಟೋಪಿ ಇಲ್ಲ: ಗೋಡೆಯ ತೋಪು ಒಡೆದು, ಅವಳು ನಿಮ್ಮನ್ನು ಹಿಡಿದ ಹೊತ್ತಿಗೆ ಗ್ರ್ಯಾಪಲ್ ಬೀಮನ್ನು ಆ ಒಡೆದ ತೋಪಿಗೆ ಹಾಕಬೇಕು. ವಿದ್ಯುತ್ತು ನಿಮ್ಮ ಮೂಲಕ ಅವಳಿಗೆ ಹರಿಯುತ್ತದೆ. ನಿಮ್ಮ ಜೀವವೂ ಸುಡುತ್ತದೆ, ಎರಡು ಟ್ಯಾಂಕಿನಷ್ಟಾದರೂ ಉಳಿಸಿಕೊಂಡು ಮಾಡಿ.

ಸೇವ್ ವಿಷಯ ಒಂದು ಮರೆತಿದ್ದೆ. ಕೋಟೆಯ ಸೇವ್ ಕೋಣೆ ಜೀವವನ್ನೂ ತುಂಬುತ್ತದೆ, ಜೆಬೆಸ್‌ನದು ಬರೇ ದಾಖಲೆ. ಎರಡನ್ನೂ ಒಟ್ಟಿಗೆ ಮಾಡುವುದು ಸೇಮಸ್‌ನ ಹಡಗು ಮಾತ್ರ. ಸಿಂಫನಿ ಮುಗಿಸಿ ಬಂದವರು ಇದೇ ರೂಢಿಯಲ್ಲಿ ಅರೆಜೀವದಲ್ಲಿ ಸೇವ್ ಮಾಡಿ ಮುಂದೆ ಹೋಗಿ ಸಾಯುತ್ತಾರೆ. ಅದಕ್ಕೇ ಹೊಸಬರಿಗೆ ಸೂಪರ್ ಮೆಟ್ರಾಯ್ಡ್ ಮೊದಲು ಕೊಡುತ್ತೇನೆ.

ಅದರ ಕೊನೆಗೆ ಮೂರು ನಿಮಿಷದಲ್ಲಿ ಗ್ರಹ ಬಿಟ್ಟು ಓಡಬೇಕು. ಗೋಡೆ ಜಿಗಿತ ಕೂಡಿದವರಿಗೆ ಅಷ್ಟು ಹೊತ್ತು ಸಾಕು, ಕೆಲವು ಸೆಕೆಂಡು ಉಳಿಯುತ್ತದೆ ಕೂಡ. ಕ್ರೇಟೀರಿಯಾದಲ್ಲಿ ಮೊದಲು ಬಾಂಬ್ ಸಿಕ್ಕಿದ ಕೋಣೆಗೆ ಪಕ್ಕಕ್ಕೆ ಹೊರಳಿ. ಅದೇ ಮೂರು ಎಟೆಕೂನ್, ಅದೇ ಡಚೋರಾ ಅಲ್ಲಿ ಸಿಕ್ಕಿಕೊಂಡಿರುತ್ತವೆ. ಗೋಡೆಗೆ ಗುಂಡು ಹೊಡೆದು ದಾರಿ ಮಾಡಿಕೊಟ್ಟು ಹಡಗಿಗೆ ಓಡಿದರೆ, ಗ್ರಹ ಸಿಡಿಯುವಾಗ ಒಂದು ಪುಟ್ಟ ಚುಕ್ಕೆ ಬದಿಗೆ ಹಾರಿಹೋಗುವುದು ಕಾಣುತ್ತದೆ.