ಲಂಡನ್‌ನಲ್ಲಿ ಫೋಟೋ ಶೂಟ್‌ಗೆ ಜಾಗ ಹುಡುಕುವುದು: ಹೊಸದಾಗಿ ಬಂದವರಿಗೆ

ಲಂಡನ್‌ಗೆ ಬಂದವರೆಲ್ಲ ಕ್ಯಾಮೆರಾ ಹಿಡಿದು ಮೊದಲು ಓಡುವುದು ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ. ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಊರಿಗೆ ಕಳಿಸಲು ಒಂದು ಬಿಗ್ ಬೆನ್ ಫೋಟೋ ಬೇಕೇ ಬೇಕು. ಆದರೆ ಒಬ್ಬರ ಪೋರ್ಟ್ರೇಟ್, ಬಟ್ಟೆ ಅಂಗಡಿಯವರ ಫ್ಯಾಷನ್ ಶೂಟ್, ಮದುವೆಗೆ ಮುಂಚಿನ ಜೋಡಿ ಫೋಟೋ ಅಂತ ಮನಸ್ಸಿಟ್ಟು ತೆಗೆಯಲು ಹೊರಟರೆ ಜಾಗ ಹುಡುಕುವ ರೀತಿಯೇ ಬೇರೆ. ಈ ಊರಲ್ಲಿ ಚೆಂದದ ಜಾಗಕ್ಕೆ ಬರವಿಲ್ಲ. ನೋಡಬೇಕಾದದ್ದು ಎರಡೇ. ಆ ನೆಲ ಯಾರದ್ದು? ಅಲ್ಲಿಗೆ ಬೆಳಕು ಯಾವ ಹೊತ್ತಿಗೆ ಬರುತ್ತದೆ?

ನೆಲದ ವಿಷಯ ಮೊದಲು ಹೇಳುತ್ತೇನೆ, ಹೊಸಬರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ ಜಾಸ್ತಿ. ಸಾರ್ವಜನಿಕ ರಸ್ತೆಯಲ್ಲಿ ನಿಂತು ಫೋಟೋ ತೆಗೆಯಲು ಇಲ್ಲಿ ಯಾರ ಅಪ್ಪಣೆಯೂ ಬೇಡ. ಸುಮ್ನೆ ಫೋಟೋ ತೆಗೆದದ್ದಕ್ಕೆ ತಡೆಯುವ ಅಧಿಕಾರ ಪೊಲೀಸರಿಗೂ ಇಲ್ಲ. ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಹರಡಿ ಜನರ ದಾರಿಗೆ ಅಡ್ಡ ಮಾಡಿದರೆ ಮಾತ್ರ 1980ರ ಹೈವೇಸ್ ಆ್ಯಕ್ಟ್ ಪ್ರಕಾರ ತಪ್ಪಾಗುತ್ತದೆ. ಆದರೆ ರಸ್ತೆಯಂತೆ ಕಾಣುವುದೆಲ್ಲ ಸಾರ್ವಜನಿಕ ರಸ್ತೆಯಲ್ಲ. ಕ್ಯಾನರಿ ವಾರ್ಫ್ ಪೂರ್ತಿ ಖಾಸಗಿ. ಸೇಂಟ್ ಪಾಲ್ಸ್ ಪಕ್ಕದ ಪ್ಯಾಟರ್ನಾಸ್ಟರ್ ಸ್ಕ್ವೇರ್ ಖಾಸಗಿ. ಕಿಂಗ್ಸ್ ಕ್ರಾಸ್‌ನ ಗ್ರ್ಯಾನರಿ ಸ್ಕ್ವೇರ್ ಕೂಡ ಹಾಗೇ. ಗೋಡೆ ಇರುವುದಿಲ್ಲ, ಗೇಟ್ ಕಾಣುವುದಿಲ್ಲ, ಮಕ್ಕಳು ನೀರಾಡುತ್ತಿರುತ್ತಾರೆ. ಗುರುತು ಹಿಡಿಯಬೇಕೆಂದರೆ ಕಾಲ ಕೆಳಗೆ ನೋಡಿ. ಹಾಸುಗಲ್ಲು ಥಟ್ಟನೆ ಬದಲಾಗಿರುತ್ತದೆ, ಕೆಲವು ಕಡೆ ನೆಲದಲ್ಲಿ ಸಣ್ಣ ಲೋಹದ ಗುಂಡಿಗಳನ್ನು ಸಾಲಾಗಿ ಬಡಿದಿರುತ್ತಾರೆ. ಎಲ್ಲೋ ಒಂದು ಮೂಲೆಯಲ್ಲಿ ‘ಇದು ಖಾಸಗಿ ಜಾಗ’ ಅಂತ ಚಿಕ್ಕ ಫಲಕ.

ಅಂಥ ಕಡೆ ಮೊಬೈಲಿನಲ್ಲಿ ಎಷ್ಟು ಬೇಕಾದರೂ ತೆಗೆಯಿರಿ, ಸಾಮಾನ್ಯವಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರಿಫ್ಲೆಕ್ಟರ್ (ಮುಖಕ್ಕೆ ಬೆಳಕು ತಿರುಗಿಸುವ ತೆರೆ) ಬಿಚ್ಚಿ ನೋಡಿ, ಸೆಕ್ಯುರಿಟಿಯವರು ನಗುತ್ತಲೇ ಬಂದು ಪರ್ಮಿಟ್ ಇದೆಯಾ ಅಂತ ಕೇಳುತ್ತಾರೆ. ವಾದ ಮಾಡಬೇಡಿ. ಹೊರಗೆ ಹೋಗಿ ಅನ್ನುವ ಹಕ್ಕು ಅವರಿಗಿದೆ. ಕ್ಯಾಮೆರಾ ಕಿತ್ತುಕೊಳ್ಳುವ, ತೆಗೆದ ಫೋಟೋ ಅಳಿಸಿ ಅನ್ನುವ ಹಕ್ಕಿಲ್ಲ. ಇಷ್ಟು ಗೊತ್ತಿದ್ದರೆ ಗಾಬರಿಯಾಗದೆ ಥ್ಯಾಂಕ್ಸ್ ಹೇಳಿ ಮುಂದಕ್ಕೆ ಹೋಗಬಹುದು.

ಸರ್ಕಾರಿ ಜಾಗವಾದರೆ ಸಲೀಸು ಅಂದುಕೊಂಡರೆ ಅದೂ ಅಲ್ಲ. ಟ್ರಫಾಲ್ಗರ್ ಸ್ಕ್ವೇರ್‌ನಲ್ಲಿ ವ್ಯಾಪಾರದ ಉದ್ದೇಶಕ್ಕೆ ಫೋಟೋ ತೆಗೆಯಲು ಲಿಖಿತ ಅನುಮತಿ ಬೇಕು. ಹೈಡ್ ಪಾರ್ಕ್, ರೀಜೆಂಟ್ಸ್ ಪಾರ್ಕ್, ಗ್ರೀನಿಚ್, ರಿಚ್ಮಂಡ್ ಸೇರಿ ಎಂಟು ರಾಯಲ್ ಪಾರ್ಕ್‌ಗಳಲ್ಲೂ ಇದೇ ನಿಯಮ, 1997ರಿಂದ ಇದೆ. ‘ನನಗೆ ದುಡ್ಡು ಕೊಟ್ಟಿಲ್ಲ, ಬರೀ ಕೊಲ್ಯಾಬ್’ ಅನ್ನುವವರು ಬಹಳ ಮಂದಿ. ಬಟ್ಟೆ ಅಂಗಡಿಯ ಪುಟದಲ್ಲಿ ಸೀರೆ ಮಾರಲು ಹೋಗುವ ಫೋಟೋ ವ್ಯಾಪಾರದ್ದೇ ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಗೆಳತಿಯ ಹುಟ್ಟುಹಬ್ಬಕ್ಕೆ ನಾಲ್ಕು ಫೋಟೋ ತೆಗೆದರೆ ಆ ತಲೆನೋವಿಲ್ಲ.

ಹ್ಯಾಂಪ್‌ಸ್ಟೆಡ್ ಹೀತ್ ಊರಿನ ಉತ್ತರದಲ್ಲಿದ್ದರೂ ಅದನ್ನು ನೋಡಿಕೊಳ್ಳುವುದು ಸಿಟಿ ಆಫ್ ಲಂಡನ್ ಕಾರ್ಪೊರೇಷನ್, ಅಂದರೆ ಲಂಡನ್ ನಡುವಿನ ‘ಸಿಟಿ’ ಅನ್ನುವ ಹಳೇ ಭಾಗದ ಆಡಳಿತ. ಅಲ್ಲಿನ ಪರ್ಗೋಲಾ, ಬಳ್ಳಿ ಹಬ್ಬಿದ ಉದ್ದನೆಯ ಕಂಬಸಾಲು, ಎಲ್ಲರಿಗೂ ಇಷ್ಟ. ಅನುಮತಿ ಕೇಳಬೇಕಾದದ್ದು ಕಾರ್ಪೊರೇಷನ್‌ಗೆ, ಸ್ಥಳೀಯ ಕೌನ್ಸಿಲ್‌ಗೆ ಅಲ್ಲ. ಲಂಡನ್ ಅಂದರೆ 32 ಬರೋ (ಸ್ವಂತ ಕೌನ್ಸಿಲ್ ಇರುವ ವಿಭಾಗಗಳು), ಮೇಲೆ ಸಿಟಿ ಒಂದು, ಪ್ರತಿಯೊಂದರ ಕಾನೂನು ಒಂದೊಂದು ಥರ. ಹಾಗಾಗಿ ಜಾಗ ಇಷ್ಟವಾದ ಕೂಡಲೇ ಮಾಡುವ ಮೊದಲ ಕೆಲಸ, ಇದು ಯಾರ ಕೈಯಲ್ಲಿದೆ ಅಂತ ಹುಡುಕುವುದು. ಇಮೇಲ್ ಬರೆಯುವಾಗ ಎಷ್ಟು ಜನ, ಯಾವ ದಿನ, ಎಷ್ಟು ಹೊತ್ತು, ಸ್ಟ್ಯಾಂಡ್ ಇದೆಯೋ ಇಲ್ಲವೋ, ಫೋಟೋ ಯಾವುದಕ್ಕೆ ಅಂತ ಮೊದಲ ಸಾಲುಗಳಲ್ಲೇ ಹೇಳಿಬಿಡಿ. ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ (ನಿಮ್ಮಿಂದ ಬೇರೆಯವರಿಗೆ ಪೆಟ್ಟೋ ನಷ್ಟವೋ ಆದರೆ ತುಂಬಿಕೊಡುವ ವಿಮೆ) ಇದೆಯಾ ಅಂತ ಕೇಳುವುದು ಮಾಮೂಲು. ಕೆಲಸ ಶುರು ಮಾಡುವವರು ಅದೊಂದನ್ನು ಮಾಡಿಸಿಟ್ಟುಕೊಳ್ಳಿ.

ದುಡ್ಡಿನ ಮಾತು ಬಂತಲ್ಲ, ಒಂದು ಎಚ್ಚರಿಕೆ. ಸ್ಟೂಡೆಂಟ್ ವೀಸಾದಲ್ಲಿರುವವರು ಇಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ. ವಾರಾಂತ್ಯದಲ್ಲಿ ದುಡ್ಡು ತೆಗೆದುಕೊಂಡು ಫೋಟೋ ತೆಗೆದುಕೊಡುವುದೂ ಸ್ವಂತ ಉದ್ಯೋಗವೇ. ಬೇರೆ ವೀಸಾದವರು ತಮ್ಮ ಷರತ್ತುಗಳನ್ನು ಓದಿಯೇ ಮುಂದುವರಿಯಿರಿ. ಮಾಡಲು ಅವಕಾಶ ಇರುವವರಿಗೆ, ತೆರಿಗೆ ವರ್ಷದಲ್ಲಿ ಇಂಥ ಆದಾಯ 1,000 ಪೌಂಡ್ ದಾಟಿದರೆ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಲ್ಲಿ ನೋಂದಣಿ ಮಾಡಿಸಬೇಕಾಗುತ್ತದೆ.

ಈಗ ಬೆಳಕು. ನನ್ನ ಮಟ್ಟಿಗೆ ಇದೇ ನಿಜವಾದ ಮಜಾ. ನಮ್ಮ ಕಡೆ ಸಂಜೆ ಬೆಳಕು ಚೆನ್ನಾಗಿದೆ ಅನ್ನುವಷ್ಟರಲ್ಲಿ ಕತ್ತಲಾಗಿರುತ್ತದೆ. ಲಂಡನ್ ಇರುವುದು 51.5 ಡಿಗ್ರಿ ಉತ್ತರದಲ್ಲಿ, ಇಲ್ಲಿ ಸೂರ್ಯ ಓರೆಯಾಗಿ ನಿಧಾನಕ್ಕೆ ಇಳಿಯುತ್ತಾನೆ. ಜೂನ್ ಕೊನೆಯಲ್ಲಿ ಸೂರ್ಯೋದಯ ಬೆಳಗ್ಗೆ 4.45ರ ಹೊತ್ತಿಗೆ, ಸೂರ್ಯಾಸ್ತ ರಾತ್ರಿ 9.20ರ ಹೊತ್ತಿಗೆ. ಡಿಸೆಂಬರ್‌ನಲ್ಲಿ ಬೆಳಗಾಗುವುದು ಎಂಟಕ್ಕೆ, ಮಧ್ಯಾಹ್ನ ನಾಲ್ಕಕ್ಕೆ ಮುಗಿಯಿತು. ಆ ಚಳಿಗಾಲದ ನಡುಮಧ್ಯಾಹ್ನದಲ್ಲೂ ಸೂರ್ಯ ಬರೀ 15 ಡಿಗ್ರಿ ಎತ್ತರದಲ್ಲಿರುತ್ತಾನೆ. ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುವ ತೊಂದರೆಯೇ ಇಲ್ಲ. ಆದರೆ ಅಷ್ಟು ತಗ್ಗಿನ ಸೂರ್ಯನಿಗೆ ನಾಲ್ಕು ಮಹಡಿಯ ಕಟ್ಟಡ ಸಾಕು, ಇಡೀ ರಸ್ತೆ ನೆರಳಾಗುತ್ತದೆ.

ನದಿಯ ದಕ್ಷಿಣ ದಂಡೆಯ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್ ಮುಂದಿನ ಜಾಗವನ್ನೇ ನೋಡಿ. ಎದುರಿಗೆ ಥೇಮ್ಸ್, ಆಚೆ ದಂಡೆಯಲ್ಲಿ ಸೇಂಟ್ ಪಾಲ್ಸ್ ಗುಮ್ಮಟ, ನಡುವೆ ಮಿಲೇನಿಯಮ್ ಸೇತುವೆ. ಜುಲೈನಲ್ಲಿ ನೋಡಿ ಇಷ್ಟಪಟ್ಟು ಜನವರಿಗೆ ಶೂಟ್ ಇಟ್ಟುಕೊಂಡರೆ ಕಷ್ಟ. ಆಗ ಸೂರ್ಯ ಟೇಟ್ ಕಟ್ಟಡದ ಬೆನ್ನ ಹಿಂದೆ, ದಕ್ಷಿಣದಲ್ಲಿ, ತಗ್ಗಿನಲ್ಲಿ. ನಿಮ್ಮ ಮಾಡೆಲ್ ಪೂರ್ತಿ ನೆರಳಲ್ಲಿ, ಆಚೆಯ ಗುಮ್ಮಟ ಬಿಸಿಲಲ್ಲಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಮುಖಕ್ಕೆ ತಕ್ಕಂತೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಇಟ್ಟರೆ ಗುಮ್ಮಟ ಬರೀ ಬಿಳಿಯಾಗಿ ಸುಟ್ಟುಹೋಗುತ್ತದೆ, ಗುಮ್ಮಟಕ್ಕೆ ಇಟ್ಟರೆ ಮುಖ ಕಪ್ಪು. ಫ್ಲ್ಯಾಶ್ ಇಲ್ಲದಿದ್ದರೆ ಮೋಡ ಮುಚ್ಚಿದ ದಿನ ಹೋಗಿ, ಇಲ್ಲವೇ ನದಿ ದಾಟಿ. ಉತ್ತರ ದಂಡೆಗೆ ದಕ್ಷಿಣದ ಬಿಸಿಲು ನೇರವಾಗಿ ಬೀಳುತ್ತದೆ. ಮೋಡದ ಬಗ್ಗೆ ಇಲ್ಲಿ ಎಲ್ಲರೂ ಗೊಣಗುತ್ತಾರೆ, ಪೋರ್ಟ್ರೇಟ್ ತೆಗೆಯುವವರು ಮಾತ್ರ ಗೊಣಗಬಾರದು. ರೇಷ್ಮೆ ಸೀರೆಯ ಜರಿ ಬಿಸಿಲಲ್ಲಿ ಬೆಳ್ಳಗಾಗಿ ಹೋಗುತ್ತದೆ, ಮೋಡದಲ್ಲಿ ಎಳೆ ಎಳೆಯೂ ಕಾಣುತ್ತದೆ.

ಇನ್ನೊಂದು ಗುಟ್ಟು, ಕಲ್ಲು. ಸೇಂಟ್ ಪಾಲ್ಸ್, ಸಾಮರ್‌ಸೆಟ್ ಹೌಸ್, ಸಿಟಿಯ ಹಳೇ ಬ್ಯಾಂಕ್ ಕಟ್ಟಡಗಳು, ಇವೆಲ್ಲ ಪೋರ್ಟ್‌ಲ್ಯಾಂಡ್ ಸುಣ್ಣಕಲ್ಲಿನವು. ಬಿಳಿ ಕಲ್ಲು. ರಸ್ತೆಯ ಒಂದು ಬದಿಗೆ ಬಿಸಿಲು ಬಿದ್ದಾಗ ಎದುರು ಬದಿಯ ನೆರಳಲ್ಲಿ ಮಾಡೆಲ್ ನಿಲ್ಲಿಸಿ. ಇಡೀ ಗೋಡೆಯೇ ರಿಫ್ಲೆಕ್ಟರ್, ಹಿಡಿದುಕೊಳ್ಳಲು ಆಳೂ ಬೇಡ. ಹಳದಿ ಇಟ್ಟಿಗೆಯ ಓಣಿಯಲ್ಲಿ ಇದೇ ಉಪಾಯ ಮಾಡಿದರೆ ಮುಖಕ್ಕೆ ಬೆಚ್ಚಗಿನ ಬಣ್ಣ ಬರುತ್ತದೆ, ನಮ್ಮ ಮೈಬಣ್ಣಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಹಸಿರು ಹುಲ್ಲಿನ ಮೇಲೆ ಹತ್ತಿರದಿಂದ ಕೂರಿಸಿದರೆ ಗಲ್ಲದ ಕೆಳಗೆ ಹಸಿರು ಛಾಯೆ. ಎಡಿಟ್ ಮಾಡುವಾಗ ಗೋಳು.

ಜಾಗ ನೋಡಲು ಹೋಗುವಾಗ ದೊಡ್ಡ ಕ್ಯಾಮೆರಾ ಮನೆಯಲ್ಲೇ ಬಿಡಿ. ಶೂಟ್ ಇರುವ ವಾರದ ದಿನ, ಅದೇ ಹೊತ್ತಿಗೆ ಹೋಗಿ. ಮಾಡೆಲ್ ನಿಲ್ಲುವ ಜಾಗದಲ್ಲಿ ಅಂಗೈಯನ್ನು ಮುಖದ ಎತ್ತರಕ್ಕೆ ಹಿಡಿದು ಮೆಲ್ಲಗೆ ಒಂದು ಸುತ್ತು ತಿರುಗಿ. ಬೆರಳುಗಳ ನಡುವಿನ ನೆರಳು ಎಲ್ಲಿ ಮೆತ್ತಗಾಗುತ್ತದೋ ಮಾಡೆಲ್ ಮುಖ ಮಾಡಬೇಕಾದದ್ದು ಅದೇ ದಿಕ್ಕಿಗೆ. ಮೊಬೈಲಿನಲ್ಲಿ ಅದೊಂದು ಫೋಟೋ ತೆಗೆದಿಟ್ಟುಕೊಳ್ಳಿ, ಹಿನ್ನೆಲೆ ಸಮೇತ. ಬೇರೆ ತಿಂಗಳಲ್ಲಿ ಸೂರ್ಯ ಎಲ್ಲಿರುತ್ತಾನೆ ಅಂತ ನೋಡಲು ಫೋಟೋಪಿಲ್ಸ್, ಸನ್ ಸರ್ವೇಯರ್ ಥರದ ಆ್ಯಪ್‌ಗಳಿವೆ. ಸ್ಟ್ರೀಟ್ ವ್ಯೂ ನೋಡಿ ಮಾತ್ರ ನಿರ್ಧರಿಸಬೇಡಿ. ಈ ಊರಲ್ಲಿ ಸದಾ ಯಾವುದಾದರೂ ಕಟ್ಟಡಕ್ಕೆ ಸಾರುವೆ ಕಟ್ಟಿರುತ್ತಾರೆ, ಹಳೇ ಚಿತ್ರದಲ್ಲಿ ಅದು ಕಾಣುವುದಿಲ್ಲ. ಹಾಗೇ ಶೌಚಾಲಯ ಎಲ್ಲಿದೆ, ಬಟ್ಟೆ ಬದಲಿಸಲು ಯಾವ ಕೆಫೆಯಲ್ಲಿ ಬಿಡುತ್ತಾರೆ, ಬ್ಯಾಗ್ ಇಡಲು ಬೆಂಚಿದೆಯಾ, ಇವನ್ನೂ ಬರೆದುಕೊಳ್ಳಿ. ಮಾಡೆಲ್ ನಿಮ್ಮನ್ನು ನೆನಪಿಟ್ಟುಕೊಳ್ಳುವುದು ಇಂಥದ್ದಕ್ಕೇ.

ಸೀರೆ ಶೂಟ್ ಆದರೆ ಗಾಳಿ ನೋಡಿ. ಸೇತುವೆಗಳ ಮೇಲೆ ಗಾಳಿ ಹೆಚ್ಚಾಗಿ ನೈಋತ್ಯದಿಂದ. ಸೆರಗು ಹಾರುವ ಫೋಟೋ ಬೇಕು ಅಂತ ಎಲ್ಲರಿಗೂ ಆಸೆ, ಅದು ಹಾರಿ ಮುಖ ಮುಚ್ಚಬಾರದು ಅಲ್ವಾ. ಗಾಳಿಗೆ ಎದುರಾಗಿ ನಿಲ್ಲಿಸಿದರೆ ಸೆರಗು ಹಿಂದಕ್ಕೆ ಹೋಗುತ್ತದೆ. ನೆರಿಗೆಗೆ ಎರಡು ಪಿನ್ ಹೆಚ್ಚೇ ಇರಲಿ. ಹುಲ್ಲು ಎಷ್ಟೋ ದಿನ ಮಧ್ಯಾಹ್ನದವರೆಗೂ ಒದ್ದೆ ಇರುವುದರಿಂದ ಅಂಚು ಹಾಳಾಗುತ್ತದೆ, ಪಾರ್ಕಿನಲ್ಲಿ ಕಾಲುದಾರಿ ಬಿಟ್ಟು ಇಳಿಯುವ ಮೊದಲು ಒಂದು ಚಾದರ ಹಾಸಿ.

ಕೆಲವು ಜಾಗಗಳ ಬಗ್ಗೆ ನನ್ನ ಅಭಿಪ್ರಾಯ. ನಾಟಿಂಗ್ ಹಿಲ್‌ನ ಬಣ್ಣದ ಮನೆಗಳು ಬೇಡ. ಆ ಮೆಟ್ಟಿಲುಗಳು ಯಾರದ್ದೋ ಮನೆಯವು, ಅಲ್ಲಿರುವವರಿಗೆ ಸಾಕಾಗಿ ಹೋಗಿದೆ. ಶೋರ್‌ಡಿಚ್, ಬ್ರಿಕ್ ಲೇನ್ ಗೋಡೆಚಿತ್ರಗಳು ಜೋರಾಗಿವೆ. ಆದರೆ 1988ರ ಕಾಪಿರೈಟ್ ಕಾನೂನಿನಲ್ಲಿ ಕಟ್ಟಡ, ಶಿಲ್ಪಗಳ ಫೋಟೋಗೆ ಇರುವ ವಿನಾಯಿತಿ ಗೋಡೆಚಿತ್ರಕ್ಕಿಲ್ಲ. ಜಾಹೀರಾತಿಗೆ ಬಳಸಿದರೆ ಚಿತ್ರ ಬರೆದವರು ಕೇಳಬಹುದು. ವಾಟರ್‌ಲೂ ಕೆಳಗಿನ ಲೀಕ್ ಸ್ಟ್ರೀಟ್ ಸುರಂಗ ಮಳೆಯ ದಿನಕ್ಕೆ ಚೆನ್ನ, ಅಲ್ಲಿ ಗೋಡೆಗೆ ಬಣ್ಣ ಹೊಡೆಯುವುದಕ್ಕೇ ಅನುಮತಿ ಇರುವುದರಿಂದ ಇಂದು ನೋಡಿದ ಗೋಡೆ ಮುಂದಿನ ವಾರ ಇರುವುದಿಲ್ಲ. ರಿಚ್ಮಂಡ್ ಪಾರ್ಕಿನಲ್ಲಿ ಜಿಂಕೆಗಳಿಂದ 50 ಮೀಟರ್ ದೂರ ಇರಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಂಡು ಜಿಂಕೆಗಳು ಕಾದಾಡುವ ಕಾಲ, ಆಗ ಇನ್ನೂ ಹುಷಾರು. ನದಿ ಮಟ್ಟ ಇಳಿದಾಗ ಕಾಣುವ ಥೇಮ್ಸ್ ದಡದ ಮರಳು, ಕಲ್ಲು ಫ್ಯಾಷನ್‌ಗೆ ಬಹಳ ಒಪ್ಪುತ್ತದೆ. ಆದರೆ ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಏಳು ಮೀಟರ್‌ವರೆಗೆ ವ್ಯತ್ಯಾಸ. ಉಬ್ಬರದ ವೇಳಾಪಟ್ಟಿ ನೋಡದೆ ಪಾಚಿಗಟ್ಟಿದ ಆ ಮೆಟ್ಟಿಲು ಇಳಿಯಬೇಡಿ.

ನನಗೆ ಇಷ್ಟವಾದದ್ದು ಸಿಟಿ, ಅದೂ ಭಾನುವಾರ ಬೆಳಗ್ಗೆ. ವಾರವಿಡೀ ಬ್ಯಾಂಕಿನವರಿಂದ ಗಿಜಿಗುಡುವ ರಸ್ತೆಗಳು ಖಾಲಿ. ಶುಕ್ರವಾರ, ಶನಿವಾರ ರಾತ್ರಿ ಕೆಲವು ಲೈನ್‌ಗಳಲ್ಲಿ ಟ್ಯೂಬ್ (ನೆಲದಡಿಯ ರೈಲು) ಇಡೀ ರಾತ್ರಿ ಓಡುವುದರಿಂದ ಬೇಸಿಗೆಯಲ್ಲಿ ಐದು ಗಂಟೆಗೂ ತಲುಪಬಹುದು. ಸೇಂಟ್ ಡನ್‌ಸ್ಟನ್ ಇನ್ ದಿ ಈಸ್ಟ್ ಅಂತ ಒಂದು ಹಾಳುಬಿದ್ದ ಚರ್ಚ್ ಇದೆ. 1941ರ ಬಾಂಬ್ ದಾಳಿಯಲ್ಲಿ ಹಾಳಾಗಿ ಗೋಡೆ, ಗೋಪುರ ಉಳಿದವು. 1971ರಿಂದ ಅದು ತೋಟ. ಕಿಟಕಿ ಕಮಾನುಗಳಲ್ಲಿ ಬಳ್ಳಿ ಹಬ್ಬಿ, ಒಳಗೆ ಬೆಳಕು ಸೋಸಿ ಬರುತ್ತದೆ. ವ್ಯಾಪಾರದ ಶೂಟ್‌ಗೆ ಅಲ್ಲೂ ಕಾರ್ಪೊರೇಷನ್ ಅನುಮತಿ ಬೇಕು, ರಾತ್ರಿ ಗೇಟ್ ಹಾಕಿರುತ್ತದೆ, ಮತ್ತೆ ನೀವೊಬ್ಬರೇ ಅದನ್ನು ಕಂಡುಹಿಡಿದವರಲ್ಲ. ಒಳಗೆ ಆಗಲೇ ಎರಡು ಜೋಡಿ ನಿಂತಿದ್ದರೆ ಕಾಯುತ್ತಾ ಬೆಳಕು ಕಳೆದುಕೊಳ್ಳಬೇಡಿ. ಹೀಗಾಗಿಯೇ ಪ್ರತಿ ಶೂಟ್‌ಗೂ ನಡೆದು ಹೋಗುವ ದೂರದಲ್ಲಿ ಎರಡನೇ ಜಾಗ ನೋಡಿಟ್ಟಿರಬೇಕು. ಇಲ್ಲಿಂದಾದರೆ ಈಸ್ಟ್‌ಚೀಪ್ ಕಡೆಗೆ ಕೆಲವೇ ನಿಮಿಷ ನಡೆದರೆ ಲೊವಾಟ್ ಲೇನ್. ಕಲ್ಲು ಹಾಸಿದ ಇಕ್ಕಟ್ಟಾದ ಇಳಿಜಾರು ಓಣಿ. ಹೀಲ್ಸ್ ಹಾಕಿಕೊಂಡು ನಡೆಯಲು ಆಗುವುದಿಲ್ಲ, ಮಾಡೆಲ್‌ಗೆ ಚಪ್ಪಲಿ ತರಲು ಮೊದಲೇ ಹೇಳಿಬಿಡಿ.