ಪ್ರೊಸೀಜರ್‌ಗೆ ಒಂದು ಫೈಲು, ವೆಲ್ಡರ್‌ಗೆ ಇನ್ನೊಂದು

ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶಾಪ್‌ನಲ್ಲಿ ನಾನು ವೆಲ್ಡಿಂಗ್ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಪ್ರೆಶರ್ ವೆಸೆಲ್ ಕೆಲಸ, ವೆಲ್ಡಿಂಗ್ ಅರ್ಹತೆಯ ನಿಯಮಗಳಿರುವ ಎಎಸ್‌ಎಂಇ ಕೋಡ್‌ನ ಸೆಕ್ಷನ್ 9ರ ಪ್ರಕಾರ. ನಾನು ಸೇರಿದಾಗ ಪಿಕ್ಯೂಆರ್ (ವೆಲ್ಡಿಂಗ್ ವಿಧಾನವನ್ನು ಪರೀಕ್ಷಿಸಿದ ದಾಖಲೆ), ವೆಲ್ಡರ್ ಟೆಸ್ಟ್ ರಿಪೋರ್ಟ್ ಎಲ್ಲಾ ಒಂದೇ ಫೈಲಿನಲ್ಲಿದ್ದವು. ವೆಲ್ಡರ್ ಸರ್ಟಿಫಿಕೇಟಿನಲ್ಲಿ ‘ಇಂಥ ಡಬ್ಲ್ಯೂಪಿಎಸ್‌ಗೆ ಮಾತ್ರ’ ಅಂತ ಬರೆದಿತ್ತು. ಡಬ್ಲ್ಯೂಪಿಎಸ್ ಅಂದರೆ ಹೇಗೆ ಬೆಸೆಯಬೇಕು ಅನ್ನುವ ಲಿಖಿತ ಸೂಚನೆ. ಹೊಸ ಡಬ್ಲ್ಯೂಪಿಎಸ್ ಬಂದಾಗಲೆಲ್ಲ ಎಲ್ಲರಿಗೂ ಮತ್ತೆ ಟೆಸ್ಟ್. ಸುಮ್ನೆ ಪ್ಲೇಟ್ ಹಾಳು, ರಾಡ್ ಹಾಳು.

ಎರಡನ್ನೂ ಬೇರೆ ಫೈಲಿಗೆ ಹಾಕಿದೆ. ಈ ವಿಧಾನದಲ್ಲಿ ಮಾಡಿದ ಜಾಯಿಂಟ್‌ಗೆ ಬೇಕಾದ ಬಲ ಇದೆಯಾ ಅನ್ನುವುದನ್ನು ಪಿಕ್ಯೂಆರ್ ತೋರಿಸುತ್ತದೆ. ಅದಕ್ಕೇ ಅಲ್ಲಿ ಟೆನ್ಸೈಲ್ (ಎಳೆದು ನೋಡುವುದು), ಬೆಂಡ್ (ಬಗ್ಗಿಸಿ ನೋಡುವುದು), ಬೇಕಾದ ಕಡೆ ಇಂಪ್ಯಾಕ್ಟ್ (ಹೊಡೆದು ನೋಡುವುದು) ಟೆಸ್ಟ್. ವೆಲ್ಡರ್ ಟೆಸ್ಟ್‌ನಲ್ಲಿ ನೋಡುವುದು ಅವನ ಕೈಯನ್ನು. ಅಲ್ಲಿ ಟೆನ್ಸೈಲ್ ಬೇಡ. ಕಣ್ಣಲ್ಲಿ ನೋಡಿ ಪಾಸ್ ಆದ ಮೇಲೆ ಬೆಂಡ್ ಅಥವಾ ರೇಡಿಯೋಗ್ರಫಿ ಸಾಕು.

ಜಾಸ್ತಿ ಗೊಂದಲ ಆಗುವುದು ಏನಾದರೂ ಬದಲಾದಾಗ. ವೆಲ್ಡ್ ಆದ ಮೇಲಿನ ಹೀಟ್ ಟ್ರೀಟ್‌ಮೆಂಟ್ ಹೊಸದಾಗಿ ಸೇರಿತು ಅನ್ನಿ. ಅದಕ್ಕೆ ಹೊಂದುವ ಪಿಕ್ಯೂಆರ್ ಇಲ್ಲದಿದ್ದರೆ ಹೊಸದು ಮಾಡಬೇಕು, ವೆಲ್ಡರ್‌ಗಳಿಗೆ ಮತ್ತೆ ಟೆಸ್ಟ್ ಬೇಡ. ರಾಡ್ ಹಿಡಿದು ಮಾಡುವ ಆರ್ಕ್ ವೆಲ್ಡಿಂಗ್‌ನಲ್ಲಿ ಬ್ಯಾಕಿಂಗ್ (ಜಾಯಿಂಟ್ ಹಿಂದೆ ಕೊಡುವ ಆಸರೆ) ತೆಗೆದರೆ ಇದು ಉಲ್ಟಾ. ಡಬ್ಲ್ಯೂಪಿಎಸ್ ತಿದ್ದಿದರೆ ಆಯಿತು, ಹಳೆಯ ಪಿಕ್ಯೂಆರ್ ನಡೆಯುತ್ತದೆ. ಆದರೆ ಬ್ಯಾಕಿಂಗ್ ಇಟ್ಟು ಪಾಸಾದವನು ಓಪನ್ ರೂಟ್ (ಹಿಂದೆ ಆಸರೆ ಇಲ್ಲದ ತಳದ ಬೆಸುಗೆ) ಹಾಕುವಂತಿಲ್ಲ, ಅವನಿಗೆ ಹೊಸ ಟೆಸ್ಟ್. ರೂಟ್ ಕೂರಿಸುವುದು ಬೇರೆಯದೇ ಕೈಚಳಕ ಅಲ್ವಾ? ಇಂಪ್ಯಾಕ್ಟ್ ಬೇಡದ ಕೆಲಸದಲ್ಲಿ ಪೊಸಿಷನ್ (ಜಾಯಿಂಟ್ ಮಟ್ಟಸವೋ, ನೇರವೋ, ತಲೆಯ ಮೇಲೋ ಅನ್ನುವುದು) ಬದಲಾದರೂ ಹೀಗೇ.

ಈಗ ಸರ್ಟಿಫಿಕೇಟಿನಲ್ಲಿ ವೆಲ್ಡರ್‌ನ ರೇಂಜ್ ಬರೆಯುತ್ತೇವೆ: ಪ್ರೋಸೆಸ್, ಎಫ್ ನಂಬರ್ (ರಾಡ್ ಅಥವಾ ಫಿಲ್ಲರ್‌ನ ಗುಂಪು), ಪೊಸಿಷನ್, ಪೈಪಿನ ವ್ಯಾಸ, ಡೆಪಾಸಿಟ್ (ಹಾಕಿದ ಬೆಸುಗೆ) ದಪ್ಪ, ಬ್ಯಾಕಿಂಗ್. ಟೆಸ್ಟ್ ದಿನ ಬಳಸಿದ ಡಬ್ಲ್ಯೂಪಿಎಸ್ ನಂಬರ್ ದಾಖಲೆಗಷ್ಟೇ. ಪಿಕ್ಯೂಆರ್‌ಗೆ ಅವಧಿ ಮುಗಿಯುವ ಮಾತಿಲ್ಲ. ವೆಲ್ಡರ್ 6 ತಿಂಗಳು ಒಂದು ಪ್ರೋಸೆಸ್ ಬಳಸದಿದ್ದರೆ ಆ ಪ್ರೋಸೆಸ್‌ನ ಅರ್ಹತೆ ಹೋಗುತ್ತದೆ. ಹಾಗಾಗಿ ಪ್ರತಿ ತಿಂಗಳು ಟಿಗ್ (ಟಂಗ್‌ಸ್ಟನ್ ಎಲೆಕ್ಟ್ರೋಡ್‌ನ ವೆಲ್ಡಿಂಗ್), ಆರ್ಕ್ ಎರಡಕ್ಕೂ ಬೇರೆ ಬೇರೆ ಗುರುತು ಹಾಕುತ್ತೇನೆ. ಆಧಾರಕ್ಕೆ ಜಾಯಿಂಟ್ ನಂಬರ್ ಬರೆದಿಡುತ್ತೇನೆ.

ಪಿಕ್ಯೂಆರ್ ಕೂಪನ್ (ಟೆಸ್ಟ್‌ಗಾಗಿ ಬೆಸೆದ ತುಂಡು) ಪಾಸಾದರೆ ಅದನ್ನು ಬೆಸೆದ ವೆಲ್ಡರ್ ಕೂಡ ಅರ್ಹನಾಗುತ್ತಾನೆ. ಆಗಲೂ ನಾನು ಎರಡು ದಾಖಲೆ ಮಾಡುತ್ತೇನೆ. 16 ಮಿ.ಮೀ. ಪ್ಲೇಟನ್ನು ಪೂರ್ತಿ ಆರ್ಕ್‌ನಲ್ಲಿ, ಕನಿಷ್ಠ ಮೂರು ಲೇಯರ್ ಹಾಕಿ ಮುಗಿಸಿದ್ದರೆ ಸಾಮಾನ್ಯವಾಗಿ ಪ್ರೊಸೀಜರ್‌ಗೆ 5ರಿಂದ 32 ಮಿ.ಮೀ. ತನಕ ಅನುಮತಿ. ವೆಲ್ಡರ್‌ಗೆ ದಪ್ಪದ ಮಿತಿಯೇ ಇಲ್ಲ. ಕೂಪನ್ ಒಂದೇ, ರೇಂಜ್ ಎರಡು.